ಖಾನಾಪುರದ ಕಾಡಿಗೆ ಬೀಳಗಿಗೆ ವರ್ಗಾವಣೆ

ವರ್ಗಾವಣೆ ಏನಿದ್ದರೂ ಮಾಸ್ತರು, ತಲಾಠಿ, ಪಿಎಸ್‌ಐಗಳಿಗೆ ಅಂತ ತಿಳಿದಿದ್ದರೆ ನೀವು ಭಾಳ ಹಿಂದೆ ಉಳಿದಿದ್ದೀರಿ. ಈಗ ಕಾಡಿಗೂ ವರ್ಗಾವಣೆ ಮಾಡಬಹುದು. ಪಶ್ಚಿಮಘಟ್ಟದ ಖಾನಾಪುರದಲ್ಲಿ ಕಡಿಯಿರಿ, ಬಾಗಲಕೋಟೆ ಬಯಲುಸೀಮೆಯ ಬೀಳಗಿಯಲ್ಲಿ ಸಸಿ ಹಚ್ಚಿರಿ. ಕಡತದಲ್ಲಿ ಇದಕ್ಕೆ ‘ಪರಿಹಾರಾತ್ಮಕ ಅರಣ್ಯೀಕರಣ’ ಎನ್ನುತ್ತಾರೆ. ಕಾನೂನಿನ ಪ್ರಕಾರ ಎಲ್ಲ ಬರೋಬರಿ.

ಒಂದು ಲೆಕ್ಕ ಹಾಕೋಣ. 400 ಕಿಲೋವೋಲ್ಟ್ ವಿದ್ಯುತ್ ಮಾರ್ಗಕ್ಕೆ 46 ಮೀಟರ್ ಅಗಲದ ಪಟ್ಟಿ ಬೇಕು. ಅದು ಹತ್ತು ಕಿಲೋಮೀಟರ್ ಕಾಡಿನಲ್ಲಿ ಹಾದುಹೋದರೆ 46 ಹೆಕ್ಟೇರ್. ಬದಲಿಗೆ ಎರಡು ಪಟ್ಟು, ಅಂದರೆ 92 ಹೆಕ್ಟೇರ್ ‘ಕ್ಷೀಣಿಸಿದ ಅರಣ್ಯ’ದಲ್ಲಿ ಹೆಕ್ಟೇರಿಗೆ 1,000ದಂತೆ 92,000 ಸಸಿ. ಇದರ ಮೇಲೆ ಕಾಡಿನ ನಿವ್ವಳ ಪ್ರಸಕ್ತ ಮೌಲ್ಯ, ಅಂದರೆ ಆ ಕಾಡು ಮುಂದೆ ಕೊಡುತ್ತಿದ್ದ ಲಾಭದ ಇಂದಿನ ಬೆಲೆ, ಕಟ್ಟಬೇಕು. 2022ರ ದರದಲ್ಲಿ ಹೆಕ್ಟೇರಿಗೆ ಹೆಚ್ಚೆಂದರೆ 15.96 ಲಕ್ಷ ರೂಪಾಯಿ, ಒಟ್ಟು ಏಳು ಕೋಟಿ ಚಿಲ್ಲರೆ. ಚಲನ್ ತುಂಬಿದರೆ ಮುಗೀತು, ಕಾಡಿನ ಋಣ ಹರಿಯಿತು.

ಕೆಂದಳಿಲು ಮಾತ್ರ ಈ ಚಲನ್ ಒಪ್ಪುವುದಿಲ್ಲ. ಗಿಡದಿಂದ ಗಿಡಕ್ಕೆ ಜಿಗಿಯುವ ಪ್ರಾಣಿ ಅದು, ನೆಲಕ್ಕಿಳಿಯುವುದೇ ಅಪರೂಪ. ಒಂದು ನೆಗೆತಕ್ಕೆ ಆರು ಮೀಟರ್ ದಾಟಿದರೆ ದೊಡ್ಡದು. ಉಳಿದ 40 ಮೀಟರ್ ಏನು ಮಾಡಬೇಕು ಅಂತ ಯಾವ ವರದಿಯೂ ಹೇಳುವುದಿಲ್ಲ. ಪಟ್ಟಿಯ ಎರಡೂ ಕಡೆ ಬಿಸಿಲು, ಗಾಳಿ ಒಳನುಗ್ಗಿ ನೆಲದ ತೇವ ಆರುತ್ತದೆ, ಲಂಟಾನ ಬೇಲಿಯಂತೆ ಎದ್ದು ನಿಲ್ಲುತ್ತದೆ, ತೇವ ನಂಬಿದ ಕಪ್ಪೆಗಳು ಹಿಂದೆ ಸರಿಯುತ್ತವೆ. ಒಂದೊಂದು ಬದಿಗೆ ನೂರೇ ಮೀಟರ್ ಹಿಡಿದರೂ ಕೆಡುವ ಕಾಡು ಇನ್ನೂ 200 ಹೆಕ್ಟೇರ್. ಆದರೆ ಬಿಲ್ಲು 46ಕ್ಕೇ. ಇನ್ನು ರಸ್ತೆಗೆ ಒಂದು ಕಡತ, ರೈಲಿಗೆ ಒಂದು, ನೀರಿನ ಕೊಳವೆಗೆ ಮತ್ತೊಂದು. ಪ್ರತಿ ವರದಿಯ ಕೊನೆಗೂ ‘ಗಮನಾರ್ಹ ಪರಿಣಾಮ ಇಲ್ಲ’ ಎಂಬ ಷರಾ. ಎಲ್ಲವನ್ನೂ ಒಂದೇ ನಕಾಶೆಯ ಮೇಲೆ ಎಳೆದು ನೋಡುವ ಟೇಬಲ್ಲು ಯಾವ ಕಚೇರಿಯಲ್ಲೂ ಇದ್ದಂತಿಲ್ಲ.

ಪಕ್ಕದಲ್ಲೇ 190 ಚದರ ಕಿಲೋಮೀಟರಿನ ಭೀಮಗಡ ವನ್ಯಜೀವಿಧಾಮ ಇದೆ. ಅಲ್ಲಿನ ಬಾರಾಪೆಡೆ ಗುಹೆಗಳಲ್ಲಿ ರಾಟನ್‌ ಬಾವಲಿ ಇರುತ್ತದೆ. ಜಗತ್ತಿನಲ್ಲಿ ಅದಕ್ಕಿರುವ ನೆಲೆ ಇದೊಂದೇ ಅಂತ ದಶಕಗಟ್ಟಲೆ ನಂಬಿದ್ದರು. ಅದನ್ನೂ ಬೀಳಗಿಗೆ ಕಳಿಸುವುದಾದರೆ ಗುಹೆಯನ್ನು ಯಾವ ನರ್ಸರಿಯಲ್ಲಿ ಬೆಳೆಸುತ್ತಾರೋ!

ಈಗ ಬೀಳಗಿ ಕಡೆ ಬರ್ರಿ. ಈ ಲೆಕ್ಕದ ನಿಜವಾದ ಕರಾಮತ್ತು ಇರುವುದೇ ಇಲ್ಲಿ. ಗಿಡಗಳ ನೆರಳು ನೂರಕ್ಕೆ 40ಕ್ಕಿಂತ ಕಡಿಮೆ ಇದ್ದರೆ ಆ ಅರಣ್ಯ ‘ಕ್ಷೀಣಿಸಿದ್ದು’. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯಾಗುವ ಬಾಗಲಕೋಟೆ, ವಿಜಯಪುರದ ಗರಸು ನೆಲದಲ್ಲಿ ಹುಲ್ಲು, ಬಾರಿಗಿಡ, ಜಾಲಿಕಂಟಿ ಇರುವುದು ಸೃಷ್ಟಿ ಆದಾಗಿನಿಂದ ಹಾಗೇ. ಅದು ಕ್ಷೀಣಿಸಿದ್ದಲ್ಲ, ಅದರ ಆರೋಗ್ಯವೇ ಅದು. ಮುಧೋಳ, ಬೀಳಗಿ ನಡುವೆ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಮಾಡಿದ್ದೂ ಇದೇ ಕಾರಣಕ್ಕೆ. ಚಿಂಕಾರ ಎಂಬ ಹುಲ್ಲೆ ಬದುಕುವುದು ಶತ್ರುವನ್ನು ದೂರದಿಂದ ಕಂಡು ಓಡುವುದರ ಮೇಲೆ. ಅದಕ್ಕೆ ಬೇಕಾದದ್ದು ಬಯಲು. ವನ್ಯಜೀವಿಧಾಮದ ಗಡಿಕಲ್ಲು ದಾಟಿದರೆ ಅಂಥದ್ದೇ ಬಯಲು ‘ಖಾಲಿ ಜಾಗ’ ಆಗಿಬಿಡುತ್ತದೆ.

“ಸಾಹೇಬ್ರ, ಇಲ್ಲೆಲ್ಲಾ ಗಿಡ ಹಚ್ಚಿದ್ರ ತೋಳ ಎಲ್ಲಿ ಮರಿ ಹಾಕಬೇಕ್ರಿ?” ಅಂತ ಕುರಿ ಕಾಯುವವನು ಕೇಳಿದ ಅನ್ನಿ.

“ಕಾಡು ಬೆಳೀತದಲ್ಲೋ ತಮ್ಮಾ, ಕಾಡಿನಾಗ ಹಾಕ್ಲಿ.”

“ಅದು ಕಾಡಿನ ತೋಳ ಅಲ್ರೀ, ಬಯಲಿಂದು.”

ಈ ಉತ್ತರ ಬರೆದುಕೊಳ್ಳಲು ನಮೂನೆಯಲ್ಲಿ ಕಾಲಂ ಇಲ್ಲ.

ಕೆಲಸ ಶುರುವಾಗುವುದು ಜೆಸಿಬಿಯಿಂದ. ಗುಂಡಿಯ ಅಳತೆ ಉದ್ದ, ಅಗಲ, ಆಳ ಮೂರೂ 45 ಸೆಂಟಿಮೀಟರ್. ನಡುವೆ ನೀರಿಂಗಲು ಉದ್ದನೆಯ ಟ್ರೆಂಚು. ಹುಲ್ಲಿನ ಬೇರು ಹಿಡಿದಿಟ್ಟ ಮೇಲ್ಮಣ್ಣು ಕಿತ್ತು ಬದುವಾಗುತ್ತದೆ, ಕೆಳಗಿನ ಗರಸು ಮೇಲೆ ಬರುತ್ತದೆ. ಮೊದಲ ಮಳೆಗೆ ಅದರ ಮೇಲೆ ಕಾಂಗ್ರೆಸ್ ಕಸ, ಹಿಂದಿನಿಂದ ಬಳ್ಳಾರಿ ಜಾಲಿ. ನೆಲದ ಮೇಲೇ ಮೊಟ್ಟೆ ಇಡುವ ನೆಲಗುಬ್ಬಿ, ಗೌಜುಗಗಳಿಗೆ ಹುಲ್ಲಿನ ಮರೆ ಹೋಯಿತು. ಸಸಿ ದೊಡ್ಡದಾದರೆ ಕಾಗೆ, ಗಿಡುಗಗಳಿಗೆ ಕೂತು ಮೊಟ್ಟೆ, ಮರಿ ಹುಡುಕಲು ಕಾವಲು ಗೋಪುರ ಸಿಕ್ಕಿತು. ಹಾಗಾಗಿ ಇಲ್ಲಿನ ಜೀವವೈವಿಧ್ಯ ನಂಬಿಕೊಂಡಿರುವುದು ಇಲಾಖೆಯ ಸೋಲನ್ನೇ. ಸಸಿ ಒಣಗಿದರೆ ಹುಲ್ಲಿಗೆ ಅಷ್ಟಿಷ್ಟು ಆಸೆ ಇದೆ. ಆದರೆ ಇಲಾಖೆ ಹಚ್ಚುವ ಗ್ಲಿರಿಸಿಡಿಯಾ ಎಂಬ ಹಟಮಾರಿ ಗಿಡ ಸುಲಭಕ್ಕೆ ಸಾಯುವುದಿಲ್ಲ.

ಸಸಿ ಉಳಿಯಬೇಕಲ್ಲ, ಅದಕ್ಕೆ ಸುತ್ತ ಟ್ರೆಂಚು ಹೊಡೆದು ಮೇಯಿಸುವುದನ್ನು ಬಂದ್ ಮಾಡುತ್ತಾರೆ. ಕುರಿಗಳು ಉಳಿದ ಚೂರು ಬಯಲಿಗೆ, ಹೊಲದ ಬದುವಿಗೆ ಬಂದು ಸೇರುತ್ತವೆ. ಅವುಗಳ ಬೆನ್ನ ಹಿಂದೆ ತೋಳ. ಒಂದು ರಾತ್ರಿ ಹಟ್ಟಿಯಲ್ಲಿ ನಾಲ್ಕು ಕುರಿ ಸತ್ತರೆ, ಮರುದಿನ ಸಾಹೇಬರು ಪಂಚನಾಮೆಗೆ ಬರುತ್ತಾರೆ. ಮಟಮಟ ಮಧ್ಯಾಹ್ನ, ಕೂತು ಬರೆಯಲು ನೆರಳು ಬೇಕು. ಗ್ಲಿರಿಸಿಡಿಯಾ ಉಪಯೋಗಕ್ಕೆ ಬರುವುದು ಆಗಲೇ ನೋಡ್ರಿ.