ದಣಿದವರಿಗೆ ಉಸಿರಾಟದ ಪಾಠಕ್ಕಿಂತ ಮೊದಲು ರಜೆ ಕೊಡಿ

ನಿರಾಶ್ರಿತರಿಗಾಗಿ ದುಡಿಯುವವರ ಮನಸ್ಸಿನ ಆರೋಗ್ಯದ ಮಾತೆತ್ತಿದರೆ ಸಂಸ್ಥೆಗಳಿಗೆ ಮೊದಲು ಹೊಳೆಯುವುದು ಕಾರ್ಯಾಗಾರ. ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಳ್ಳಿ, ನಿಮ್ಮ ಕಾಳಜಿ ನೀವೇ ಮಾಡಿಕೊಳ್ಳಿ. ಧ್ಯಾನದ ಮೇಲೆ ನನಗೆ ತಕರಾರಿಲ್ಲ. ಅದನ್ನು ವಾರದ ರಜೆಯ ದಿನವೇ ಇಟ್ಟು, ಹಾಜರಾತಿ ಕಡ್ಡಾಯ ಮಾಡುವವರ ಮೇಲಿದೆ.

ಬರ್ನ್‌ಔಟ್ (ಕೆಲಸದ ಒತ್ತಡದಿಂದ ಮೈಮನಸ್ಸು ಬರಿದಾಗುವ ಬಳಲಿಕೆ) ಬಗ್ಗೆ 1974ರಲ್ಲಿ ಬರೆದು ಅದನ್ನು ಚರ್ಚೆಗೆ ತಂದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಸ್ವತಃ ಬಾಲ್ಯದಲ್ಲಿ ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದವರು. ಅವರು ಗಮನಿಸಿದ್ದು ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರನ್ನು, ತಾವೂ ಅವರಲ್ಲೊಬ್ಬರು. ಅವರ ಸಲಹೆಗಳಲ್ಲಿ ವ್ಯಾಯಾಮವಿತ್ತು, ನಿಜ. ಜೊತೆಗೆ ಕೆಲಸದ ಗಂಟೆಗಳಿಗೆ ಮಿತಿ ಹಾಕಿ, ಒಬ್ಬರನ್ನೇ ಪದೇ ಪದೇ ಅದೇ ಕೆಲಸಕ್ಕೆ ಕಳಿಸಬೇಡಿ, ಬಿಡುವು ಕೊಡಿ ಎಂದೂ ಇತ್ತು. ನಾವು ವ್ಯಾಯಾಮವನ್ನಷ್ಟೇ ಇಟ್ಟುಕೊಂಡೆವು, ಅದಕ್ಕೆ ಖರ್ಚು ಕಡಿಮೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಈ ಬಳಲಿಕೆಯನ್ನು ಕಾಯಿಲೆ ಎನ್ನದೆ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲವೆಂದು ವಿವರಿಸಿತು.

ಎಲ್ಲರೂ ಮರೆಯುವ ಒಬ್ಬರಿದ್ದಾರೆ: ದುಭಾಷಿ. ವೈದ್ಯರೋ ವಕೀಲರೋ ಕೇಳುವುದು ಇನ್ನೊಬ್ಬರ ಕಥೆಯನ್ನು. ದುಭಾಷಿ ಮಾತ್ರ ಅದನ್ನು ‘ನಾನು’ ಎಂದೇ ಹೇಳಬೇಕು. ವೃತ್ತಿಯ ನಿಯಮವೇ ಹಾಗೆ. ‘ನನ್ನ ತಮ್ಮನನ್ನು ನನ್ನ ಕಣ್ಣೆದುರೇ ಕೊಂದರು’ ಎಂದು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಇನ್ನೊಬ್ಬರ ಪರವಾಗಿ ಮತ್ತೊಮ್ಮೆ. ಎಷ್ಟೋ ಬಾರಿ ಅವರೂ ಅದೇ ಯುದ್ಧದಿಂದ ಓಡಿ ಬಂದವರೇ. ಸಂದರ್ಶನ ಮುಗಿದ ಮೇಲೆ ಉಳಿದವರು ಕುಳಿತು ಪ್ರಕರಣ ಚರ್ಚಿಸುತ್ತಾರೆ. ದುಭಾಷಿ ಗಂಟೆಯ ಲೆಕ್ಕದ ಚೀಟಿಗೆ ಸಹಿ ಮಾಡಿಸಿಕೊಂಡು ಹೊರಡುತ್ತಾರೆ. ಸಂಜೆ ಅವರ ಸಮುದಾಯದವರೇ ಕಾಗದಪತ್ರ ಹಿಡಿದು ಬಾಗಿಲು ತಟ್ಟುತ್ತಾರೆ. ಆ ಹೊತ್ತಿನಲ್ಲಿ ಇಲ್ಲವೆನ್ನುವುದು ಹೇಗೆ?

ಅಂದ ಹಾಗೆ, ಘೋರ ಕಥೆಗಳನ್ನು ಕೇಳುವುದೇ ಬಳಲಿಕೆಗೆ ಕಾರಣವೆಂದು ಹೊರಗಿನವರು ಭಾವಿಸುತ್ತಾರೆ. ಅರ್ಧ ಸತ್ಯ. ‘ನಿಮ್ಮ ಅರ್ಜಿ ತಿರಸ್ಕೃತವಾಗಿದೆ’, ‘ಈ ತಿಂಗಳಿಂದ ನೆರವು ನಿಲ್ಲುತ್ತದೆ’ ಎಂದು ಮುಖ ನೋಡಿ ಹೇಳುವ ಕೆಲಸವೂ ಇವರದೇ. ತೀರ್ಮಾನ ಎಲ್ಲೋ ಮೇಲೆ ಆಗಿರುತ್ತದೆ. ಅದರ ಕಣ್ಣೀರು ಕೌಂಟರಿನಲ್ಲಿ ಕುಳಿತವರ ಎದುರು. ಈ ಅಸಹಾಯಕತೆಗೆ ಯಾವ ಉಸಿರಾಟದ ತಂತ್ರ?

ದೊಡ್ಡ ಆಘಾತವೊಂದು ನಡೆದ ಕೂಡಲೇ ಸಿಬ್ಬಂದಿಯನ್ನೆಲ್ಲ ಒಂದೆಡೆ ಕೂರಿಸಿ, ಒಂದೇ ಬೈಠಕ್ಕಿನಲ್ಲಿ ಎಲ್ಲವನ್ನೂ ಬಾಯಿ ಬಿಡಿಸುವ ಪದ್ಧತಿಯನ್ನು ಕೆಲವರು ಇಂದಿಗೂ ಬಿಟ್ಟಿಲ್ಲ. ಹಾಗೆ ಮಾಡಬೇಡಿ ಎಂದು ವಿಶ್ವಸಂಸ್ಥೆಯ ಅಂಗಗಳೂ ಇತರ ನೆರವು ಸಂಸ್ಥೆಗಳೂ ಸೇರಿರುವ ಅಂತರಸಂಸ್ಥಾ ಸ್ಥಾಯಿ ಸಮಿತಿಯ (IASC) 2007ರ ಮಾರ್ಗಸೂಚಿಯೇ ಹೇಳಿದೆ. ಒತ್ತಾಯಿಸದೆ ಕೇಳಿಸಿಕೊಳ್ಳಿ, ತಕ್ಷಣದ ಅಗತ್ಯ ನೋಡಿಕೊಳ್ಳಿ. ಒಂದರಿಂದ ಮೂರು ತಿಂಗಳ ನಡುವೆ ಅವರನ್ನು ಮತ್ತೆ ವಿಚಾರಿಸಿ ಎನ್ನುವುದು ಅದರ ಮಾತು. ಈ ಮೂರು ತಿಂಗಳ ಮಾತು ನನಗೆ ಬಹಳ ಮುಖ್ಯ. ಮೊದಲ ವಾರ ಎಲ್ಲರೂ ವಿಚಾರಿಸುತ್ತಾರೆ.

ಸ್ವಯಂಸೇವಕರ ಪಾಡು ಬೇರೆ. ಸಂಬಳವಿಲ್ಲದವರಿಗೆ ರಜೆಯೂ ಇಲ್ಲ. ಅವರು ಬರುವುದನ್ನು ನಿಲ್ಲಿಸಿದರೆ ‘ಉತ್ಸಾಹ ಇಳಿಯಿತು’ ಎಂದು ಹೆಸರು ಹೊಡೆದುಹಾಕುತ್ತಾರೆ, ಫೋನ್ ಮಾಡಿ ಕೇಳುವುದಿಲ್ಲ.

‘ನಿರಾಶ್ರಿತರಿಗೇ ಹಣ ಸಾಲದಿರುವಾಗ ಇವರಿಗೆಲ್ಲಿಂದ ತರುವುದು’ ಎಂಬ ವಾದ ಗೊತ್ತಿದೆ, ಹಗುರವಾಗಿ ತಳ್ಳಿಹಾಕುವಂಥದ್ದೂ ಅಲ್ಲ. ಆದರೆ ಬಳಲಿದ ಕಾರ್ಯಕರ್ತೆ ಕೆಲಸ ಬಿಟ್ಟರೆ ಏನಾಗುತ್ತದೆ? ಹೊಸಬರು ಬರುತ್ತಾರೆ. ಎದುರು ಕುಳಿತ ನಿರಾಶ್ರಿತೆ ತನ್ನ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ವರ್ಷದೊಳಗೆ ಅವರೂ ಹೋದರೆ ಇನ್ನೊಮ್ಮೆ. ಆಡಳಿತ ವೆಚ್ಚ ಕಡಿಮೆ ಇರುವ ಸಂಸ್ಥೆಗೇ ದೇಣಿಗೆ ಕೊಡುತ್ತೇವೆಂದು ಹೆಮ್ಮೆಪಡುವ ನಾವು, ಆ ಸಂಸ್ಥೆಯ ದುಭಾಷಿಗೆ ಆಪ್ತಸಮಾಲೋಚಕರ ಜೊತೆ ಮಾತನಾಡುವ ಸಮಯಕ್ಕೂ ಸಂಬಳ ಸಿಗುತ್ತದೆಯೇ ಎಂದು ಮುಂದಿನ ಬಾರಿ ಕೇಳಬಹುದು.