ಅಳಿಯ ತಂದ ಜರ್ದಾಳು

ಜರ್ದಾಳು, ಅಂದರೆ ಆಪ್ರಿಕಾಟ್, ನಮ್ಮ ಮನೆಯಲ್ಲಿ ಒಣಗಿದ್ದೇ. ಕಂದು ಬಣ್ಣ, ಮೈತುಂಬ ಸುಕ್ಕು. ಅದಕ್ಕೂ ಒಂದು ಹರೆಯ ಇತ್ತು ಅಂತ ನನಗೆ ಗೊತ್ತಾಗಿದ್ದು ಹೋದ ವರ್ಷ ಜುಲೈ ಕೊನೆಗೆ, ಲಡಾಖಿನ ಲೇಹ್‌ನಲ್ಲಿ ಮಿಲಿಟರಿ ನೌಕರಿಯಲ್ಲಿರುವ ಅಳಿಯ, ನಮ್ಮ ಅಕ್ಕನ ಮಗ, ರಜೆಗೆ ಬಂದಾಗ. ಬೆಳಗಾವಿಯ ಸಾಂಬ್ರಾದಲ್ಲಿ ವಿಮಾನ ಇಳಿದು ಟಿಳಕವಾಡಿಯ ನಮ್ಮ ಮನೆಗೆ ಬಂದವನ ತೊಡೆ ಮೇಲೆ ಒಂದು ರಟ್ಟಿನ ಡಬ್ಬಿ.

"ಮಾಮಾ, ಹಸೀ ಜರ್ದಾಳು. ಅಲ್ಲಿ ಇದಕ್ಕ ಚುಲಿ ಅಂತಾರ. ಲಗೂನ ತಿಂದ್ಬಿಡ್ರಿ" ಅಂದು, ಎರಡು ಕಿಲೋ ನಮಗಿಟ್ಟು ಗೋಕಾಕಕ್ಕೆ ಹೋದ.

ನಾಲ್ಕೈದು ಮಾತ್ರ ಮಾಗಿದ್ದವು. ಒಂದನ್ನು ಬಾಯಿಗೆ ಹಾಕಿದೆ. ಸಿಹಿ, ಹಿಂದೆಯೇ ಒಂಚೂರು ಹುಳಿ, ಮೈಮೇಲೆ ಕಂಡೂ ಕಾಣದಂಥ ರೋಮ. ಉಳಿದವು ಗಟ್ಟಿ, ತೊಟ್ಟಿನ ಹತ್ತಿರ ಇನ್ನೂ ಹಸಿರು.

"ಮಾವಿನಕಾಯಿ ಹಂಗ ಅಡಿ ಹಾಕೋ" ಅಂದಳು ಅವ್ವ.

"ಅವ್ವಾ, ಇದು ಥಂಡಿ ದೇಶದ ಹಣ್ಣು. ಥಂಡಿಯೊಳಗ ಇಡಬೇಕು."

ಇದನ್ನು ಎಲ್ಲಿ ಕಲಿತೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಎಲ್ಲವನ್ನೂ ನಲ್ಲಿ ಕೆಳಗೆ ಹಿಡಿದು ತೊಳೆದೆ. ಒದ್ದೆಯಿದ್ದಂತೆಯೇ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಬಿಗಿಯಾಗಿ ಗಂಟು ಹಾಕಿದೆ. ಫ್ರಿಜ್ಜಿನಲ್ಲಿ ದೋಸೆ ಹಿಟ್ಟು, ಕುಂದಾದ ಡಬ್ಬಿ, ಮುಚ್ಚಳ ಸರಿಯಾಗಿ ಕೂರದ ರಂಜಕದ, ಅಂದರೆ ಕೆಂಪು ಮೆಣಸಿನಕಾಯಿ-ಬೆಳ್ಳುಳ್ಳಿ ಚಟ್ನಿಯ, ಬಾಟಲಿ. ಅವುಗಳ ನಡುವೆ ಚೀಲ ತುರುಕಿದೆ.

ನಾಲ್ಕನೇ ದಿನ ಅಕ್ಕ ಮಗನನ್ನು ಕರೆದುಕೊಂಡು ಬಂದಳು. ನಾನು ದೊಡ್ಡಸ್ತಿಕೆಯಿಂದ ಚೀಲ ಬಿಚ್ಚಿದೆ. ಮಾಗಿದ್ದವುಗಳ ಮೇಲೆ ಬಿಳಿ ಬೂಸಲು. ಗಟ್ಟಿ ಇದ್ದವು ಗಟ್ಟಿಯಾಗೇ ಇದ್ದವು. ಕಚ್ಚಿದರೆ ರಸವಿಲ್ಲ, ನೆನೆದ ಹತ್ತಿ ಅಗಿದ ಹಾಗೆ. ಹಿಂದಿನಿಂದ ಮೆಲ್ಲಗೆ ಬೆಳ್ಳುಳ್ಳಿ ವಾಸನೆ.

"ಛಲೋ ಅದಾವ" ಅಂತ ಅಕ್ಕ ಒಂದನ್ನು ಹಾಗೂ ಹೀಗೂ ನುಂಗಿ ನೀರು ಕೇಳಿದಳು. ಅಳಿಯನಿಗೆ ಅಂಥ ಮರ್ಯಾದೆ ಇಲ್ಲ.

"ಮಾಮಾ, ಕಾಯಿ ಒಯ್ದು ಫ್ರಿಜ್ಜಿನ್ಯಾಗ ಇಟ್ರ ಅದು ಮಾಗೂದ ಬಿಡ್ತದ, ಒಳಗ ಹಿಟ್ಟಾಗ್ತದ. ಹೊರಗ ಒಂದರ ಮ್ಯಾಲ ಒಂದು ಬೀಳದಂಗ ಹರವಬೇಕು. ಮೆತ್ತಗಾದ ಮ್ಯಾಲ ಫ್ರಿಜ್ಜು, ಅದೂ ಎರಡ್ಮೂರು ದಿನ. ತೊಳಿಯೂದು ತಿನ್ನೂ ಮುಂದ. ಅರ್ಧಾ ತಾಸು ಮೊದಲ ಹೊರಗ ತಗದ್ರ ವಾಸನಿನೂ ಬರ್ತದ."

ಇಷ್ಟು ಸೂಕ್ಷ್ಮದ ಹಣ್ಣು ಅಂತಲೇ ಲಡಾಖಿನವರು ಜಾಸ್ತಿ ಪಾಲನ್ನು ಮಾಳಿಗೆ ಮೇಲೆ, ಬಂಡೆ ಮೇಲೆ ಹರವಿ ಒಣಗಿಸಿಬಿಡುತ್ತಾರಂತೆ. ನಮ್ಮ ಬೆಳಗಾವಿಯ ಜುಲೈನಲ್ಲಿ ಬನಿಯನ್ನೇ ನಾಲ್ಕು ದಿನವಾದರೂ ಒಣಗುವುದಿಲ್ಲ, ಜರ್ದಾಳು ಒಣಗುತ್ತದಾ?

ಅಷ್ಟರಲ್ಲಿ ಅವ್ವನ ಕೋಣೆಯಿಂದ ಟಕ್ ಟಕ್ ಸದ್ದು. ಹೋಗಿ ನೋಡಿದರೆ ಎಲೆ-ಅಡಿಕೆ ಕುಟ್ಟಾಣಿಯಲ್ಲಿ ಏನೋ ಒಡೆಯುತ್ತಿದ್ದಾಳೆ. ಪಕ್ಕದಲ್ಲಿ ಕಾಗದದ ಚೀಲ, ಅದರಲ್ಲಿ ಕಪ್ಪಾದ ಒಂದು ಬಾಳೆಹಣ್ಣು. ನಾನು ತೊಳೆಯುವ ಮೊದಲೇ ಏಳೆಂಟು ಕಾಯಿ ಎತ್ತಿಟ್ಟಿದ್ದಳಂತೆ. ಬಾಳೆಹಣ್ಣು ಬಿಡುವ ಎಥಿಲೀನ್ ಗಾಳಿಗೆ ಕಾಯಿ ಬೇಗ ಹಣ್ಣಾಗುತ್ತವೆ ಅಂತ ಅವಳಿಗೆ ಯಾರೂ ಹೇಳಿಲ್ಲ. ಅವಳದೇನಿದ್ದರೂ, ದಿನಾ ಬೆಳಿಗ್ಗೆ ಚೀಲಕ್ಕೆ ಮೂಗು ಹಾಕಿ ನೋಡುವುದು.

"ಹಣ್ಣೆಲ್ಲಿ ಅವ್ವಾ?"

"ದಿನಾ ಎರಡೆರಡು ಆಗ್ತಿದ್ವು. ತಿಂದೆ. ನೀ ಥಂಡಿ ಹಣ್ಣು ತಿನ್ನಾವ ಅಲ್ಲೇನು, ಕರೀಲಿಲ್ಲ."

ಉಳಿದಿದ್ದು ಬೀಜ ಮಾತ್ರ. "ಅಜ್ಜಿ, ಕಹಿ ಹತ್ತಿದ್ರ ಉಗುಳಿಬಿಡು, ಕಹಿ ಬೀಜ ವಿಷ" ಅಂತ ಅಳಿಯ ಓಡಿ ಬಂದ. ಅವ್ವ ಒಂದರ ತುದಿ ಕಚ್ಚಿ ನೋಡಿದಳು. ಸಿಹಿ, ಬದಾಮಿಯ ಹಾಗೆ. ಇನ್ನೊಂದನ್ನು ನನ್ನ ಅಂಗೈಯಲ್ಲಿಟ್ಟಳು.

"ತೊಗೊ. ಇದನ್ನ ಬೇಕಾದ್ರ ಫ್ರಿಜ್ಜಿನ್ಯಾಗ ಇಡು."