ಪಾಪ, ಈಗ ಪಾಠ ಹೇಳುತ್ತಿದ್ದಾರೆ

ಮೊನ್ನೆ ಭಾನುವಾರ ಸಂಜೆ ನಮ್ಮ ಕಲಬುರಗಿಯಲ್ಲಿ ಒಂದು ಸನ್ಮಾನ ಸಮಾರಂಭವಿತ್ತು. ಆಮಂತ್ರಣ ಪತ್ರಿಕೆಯಲ್ಲಿ ಐದೂವರೆ ಎಂದಿತ್ತು, ದೀಪ ಹಚ್ಚಿದ್ದು ಏಳಕ್ಕೆ. ಅದಕ್ಕೆ ನನ್ನ ತಕರಾರಿಲ್ಲ, ಬಿಸಿಲು ಇಳಿಯದೆ ನಮ್ಮೂರಿನಲ್ಲಿ ಯಾವ ದೀಪವೂ ಹತ್ತುವುದಿಲ್ಲ. ತಕರಾರಿರುವುದು ಒಂದು ಶಬ್ದದ ಮೇಲೆ. ಎರಡೇ ಅಕ್ಷರ. ಮೂರು ದಿನವಾಯಿತು, ರೊಟ್ಟಿ ಬಡಿಯುವಾಗಲೂ ಅದೇ ಕಿವಿಯಲ್ಲಿ ಬಡಿದುಕೊಳ್ಳುತ್ತಿದೆ.

ವೇದಿಕೆಯ ಮೇಲೆ ಐವರು ಸಾಧಕರು. ನಾಲ್ಕನೆಯ ಕುರ್ಚಿಯಲ್ಲಿ ಟಿವಿ ಧಾರಾವಾಹಿಗಳಲ್ಲಿ ನಟಿಸಿ ಊರಿಗೆ ಮರಳಿದ ನಮ್ಮ ಅಕ್ಕ. ಯಾವ ಅಕ್ಕ ಎಂದು ನಮ್ಮೂರಿಗೆಲ್ಲ ಗೊತ್ತು. ಹೆಸರು ಹಾಕಿದರೆ ಅವರಿಗೆ ಹಿಡಿಸುವುದಿಲ್ಲ, ಹಾಗಾಗಿ ಹಾಕುವುದಿಲ್ಲ. ನಿರೂಪಕ ಮೈಕ್ ಹಿಡಿದು, ಚೀಟಿ ನೋಡಿ, "ಒಂದು ಕಾಲಕ್ಕೆ ಮನೆ ಮನೆಯ ಟಿವಿಯಲ್ಲಿ ಮಿಂಚಿದವರು" ಎಂದು ಓದಿದ. ಆಮೇಲೆ ಚೀಟಿಯಿಂದ ಕಣ್ಣೆತ್ತಿ, ತನ್ನದೇ ಸ್ವಂತ ಮಾತಾಗಿ, "ಪಾಪ, ಈಗ ನಮ್ಮೂರಿನಲ್ಲೇ ಮಕ್ಕಳಿಗೆ ನಟನೆ ಹೇಳಿಕೊಡುತ್ತಿದ್ದಾರೆ" ಎಂದ.

ಪಾಪ!

ಅದು ಚೀಟಿಯಲ್ಲಿ ಇರಲಿಲ್ಲ ಎಂಬುದೇ ನನ್ನ ಹೊಟ್ಟೆ ಉರಿಸಿದ್ದು. ಬರೆದುಕೊಂಡು ಬಂದಿದ್ದರೆ ಯಾರೋ ತಪ್ಪು ಬರೆದುಕೊಟ್ಟರು ಎನ್ನಬಹುದಿತ್ತು. ಇದು ಅಕ್ಕರೆಯಿಂದ, ಒಳಗಿನಿಂದ, ತಾನಾಗಿಯೇ ಬಂತು. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನ ಇಬ್ಬರು ಹೆಂಗಸರು "ಅಯ್ಯೋ" ಎಂದೂ ಅಂದರು. ನಾನು ಹತ್ತನೇ ತರಗತಿಗೆ ಕನ್ನಡ ಕಲಿಸುವವಳು, ನಿಘಂಟಿನಲ್ಲಿ ಈ ಶಬ್ದಕ್ಕೆ ಮೊದಲ ಅರ್ಥ ಏನಿದೆ ಎಂದು ಎದ್ದು ನಿಂತು ಕೇಳಬೇಕಿತ್ತು. ಕೇಳಲಿಲ್ಲ.

ಈ "ಒಂದು ಕಾಲ" ಹೇಗಿತ್ತು ಎಂದು ಆ ನಿರೂಪಕನಿಗೆ ಯಾರಾದರೂ ಹೇಳಿದ್ದಾರೆಯೇ? ಅಕ್ಕ ಬೆಂಗಳೂರಿಗೆ ಹೋದಾಗ ವಯಸ್ಸು 22. ಇಲ್ಲಿ ಕಾಲೇಜು ನಾಟಕಗಳಲ್ಲಿ ಬಹುಮಾನ ತಂದಿದ್ದ ಹುಡುಗಿ. ಮೊದಲ ಆಯ್ಕೆ ಸುತ್ತಿನಲ್ಲಿ ನಾಲ್ಕು ಸಾಲು ಹೇಳುವಷ್ಟರಲ್ಲಿ ನಿಲ್ಲಿಸಿ, "ಭಾಷೆ ತಿದ್ದಿಕೊಂಡು ಬಾಮ್ಮ" ಎಂದರಂತೆ. ಇವರ ಭಾಷೆಗೆ ಬೇನೆ ಬಂದಂತೆ! ನಮ್ಮ ಮಾತು ಬೇಕಾದರೆ ಅಡುಗೆಯವನಿಗೆ ಕೊಡುತ್ತಾರೆ, ರೌಡಿಗೆ ಕೊಡುತ್ತಾರೆ, ಜನ ನಗಲಿ ಎಂದು ವಾಚ್‌ಮನ್‌ಗೆ ಕೊಡುತ್ತಾರೆ, ನಾಯಕಿಗೆ ಕೊಡುವುದಿಲ್ಲ. ನಮ್ಮ ಭಾಗಕ್ಕೆ ಮೀಸಲಾತಿ ಕೊಟ್ಟ ಸಂವಿಧಾನದ 371(ಜೆ) ಕಲಂ ನೌಕರಿಗೆ, ಕಾಲೇಜು ಸೀಟಿಗೆ ಮಾತ್ರ. ಧಾರಾವಾಹಿಗೆ ಅನ್ವಯಿಸುವುದಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಟಿವಿ ಎಂಬ ವಸ್ತು ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ಕಡೆಗೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ನಡೆದಾಗ ಈ ರಾಜ್ಯದಲ್ಲಿ ಆರಿಸಿಕೊಂಡದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಕೋಳಿಗೂಡಿಗೆ ಹಾಕುವ ತಂತಿಜಾಲರಿಯಿಂದ ಮಾಡಿದ ದೊಡ್ಡ ಛತ್ರಿಯಂಥ ಆಂಟೆನಾ, ಅದರ ಕೆಳಗೆ ಕಂಬಳಿ ಹಾಸಿ ಕುಳಿತ ಊರು. ನಮ್ಮಪ್ಪ ಸಾಯುವವರೆಗೂ ಇದನ್ನು ಹೇಳುತ್ತಿದ್ದರು. ಗುಲ್ಬರ್ಗಾದಲ್ಲಿ ದೂರದರ್ಶನ ಶುರುವಾದದ್ದು 1977ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಿನಲ್ಲಿ 1981ರ ನವೆಂಬರ್‌ನಲ್ಲಿ. ನಾಲ್ಕು ವರ್ಷ ಮೊದಲು ಟಿವಿ ಕಂಡ ಊರಿನ ಹುಡುಗಿಗೆ ಟಿವಿಯಲ್ಲಿ ಮಾತನಾಡುವುದು ಹೇಗೆಂದು ಅವರು ಹೇಳಿಕೊಟ್ಟರು. ಇರಲಿ.

ಅಕ್ಕ ಭಾಷೆ ಕಲಿತದ್ದು ಸಿಟಿ ಬಸ್ಸಿನಲ್ಲಿ. ಆರು ತಿಂಗಳು ಕೆಲಸವಿರಲಿಲ್ಲ. ದಿನದ ಪಾಸು ತೆಗೆಸಿ, ಹೆಂಗಸರ ಸೀಟಿನಲ್ಲಿ ಕುಳಿತು, ಯಾರು ಮಾತಾಡುತ್ತಾರೋ ಅವರ ಹಿಂದೆಯೇ ತುಟಿಯಲ್ಲಿ ಸದ್ದಿಲ್ಲದೆ ಹೇಳಿಕೊಳ್ಳುತ್ತಿದ್ದರಂತೆ. ಒಬ್ಬಾಕೆ ಮಂತ್ರ ಮಾಡುತ್ತಿದ್ದಾಳೆಂದು ಹೆದರಿ ಎದ್ದು ಹೋದಳಂತೆ. ಆಮೇಲೆ ಪಾತ್ರ ಸಿಕ್ಕವು. ಮೊದಲು ನಾಯಕಿಯ ಗೆಳತಿ, ಆಮೇಲೆ ತಂಗಿ, ಆಮೇಲೆ ನಾದಿನಿ, ಆಮೇಲೆ ವಿಧವೆ ಅತ್ತಿಗೆ. 32ನೇ ವಯಸ್ಸಿಗೆ ತಾಯಿ. ಮಗನ ಪಾತ್ರ ಮಾಡಿದವನು ಇವರಿಗಿಂತ ನಾಲ್ಕು ವರ್ಷ ಚಿಕ್ಕವನು, ಅಷ್ಟೇ. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ 22 ನಿಮಿಷದಷ್ಟು ಉಳಿಯುತ್ತದೆ. ಆ 22 ನಿಮಿಷಕ್ಕಾಗಿ ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ, ಬಾಡಿಗೆ ಬಂಗಲೆಯ ಮೆಟ್ಟಿಲ ಕೆಳಗೆ, ಮನೆಯಿಂದಲೇ ತಂದ ಸ್ವಂತ ಸೀರೆಯಲ್ಲಿ ಕಾಯಬೇಕು. ದುಡ್ಡು ಕೈಗೆ ಬರಲು ಮತ್ತೆ ಎರಡು ಮೂರು ತಿಂಗಳು. ಗುರುವಾರ ಟಿಆರ್‌ಪಿ ಬರುತ್ತದೆ. ಶುಕ್ರವಾರದ ಹೊತ್ತಿಗೆ ಕಥೆ ತಿರುಗಿರುತ್ತದೆ.

ಹಾಗೆ ಒಂದು ಶುಕ್ರವಾರ ಅಕ್ಕನ ಪಾತ್ರವನ್ನು ಕಾಶಿಗೆ ಕಳಿಸಿದರು. "ಮಗನ ಮದುವೆಗೆ ಬರುತ್ತೇನೆ" ಎಂದು ಹೇಳಿ ಹೊರಟ ತಾಯಿ. ಮಗನ ಮದುವೆಯಾಯಿತು, ಮುರಿಯಿತು, ಇನ್ನೊಂದಾಯಿತು, ಧಾರಾವಾಹಿಯೂ ಮುಗಿಯಿತು. ತಾಯಿ ಇನ್ನೂ ಕಾಶಿಯಲ್ಲೇ ಇದ್ದಾಳೆ. ಅಕ್ಕ ಊರಿಗೆ ಬಂದು ಮೊದಲ ಸಲ ಸೂಪರ್ ಮಾರ್ಕೆಟ್‌ಗೆ (ನಮ್ಮೂರಿನ ಪೇಟೆಯ ಹೆಸರು ಅದು) ತರಕಾರಿಗೆ ಹೋದಾಗ ಬದನೆಕಾಯಿ ಮಾರುವ ಅವ್ವ, "ಯಾವಾಗ ಬಂದೆ ತಾಯಿ ಕಾಶಿಯಿಂದ?" ಎಂದು ಕೇಳಿ, ಕಾಲು ಕಿಲೋ ಹೆಚ್ಚಿಗೆ ಹಾಕಿ ಕೈ ಮುಗಿದಳಂತೆ. ಇದನ್ನು ಹೇಳಿ ಅಕ್ಕ ಬಿದ್ದು ಬಿದ್ದು ನಗುತ್ತಾರೆ. ನಾನು ನಗುವುದಿಲ್ಲ, ನನಗೆ ಸಿಟ್ಟು ಬರುತ್ತದೆ. ಈ ಕಾಲವನ್ನು ನೆನೆದು ಅವರಿಗೆ "ಮಿಂಚಿದವರು" ಎನ್ನಬೇಕು, ಈಗಿನದನ್ನು ನೋಡಿ "ಪಾಪ" ಎನ್ನಬೇಕು!

ಈಗಿನದು ಏನೆಂದು ಹೇಳುತ್ತೇನೆ. ಗಂಜ್ ಹತ್ತಿರ ಬೀಜ ಗೊಬ್ಬರದ ಅಂಗಡಿಯ ಮೇಲಿನ ಉದ್ದನೆಯ ಕೋಣೆ. ಕೆಳಗಿನಿಂದ ತೊಗರಿಯ ಧೂಳು, ಮೇಲಿನಿಂದ ತಗಡಿನ ಕಾವು. ತಿಂಗಳಿಗೆ 600 ರೂಪಾಯಿ ಶುಲ್ಕ, ಅದನ್ನೂ ಅರ್ಧ ಜನ ಕೊಡುವುದಿಲ್ಲ. ಕಳೆದ ತಿಂಗಳು ಮಗಳನ್ನು ಕರೆತರಲು ಹೋದವಳು ಬಾಗಿಲಲ್ಲೇ ನಿಂತೆ. ನಡುವೆ ಒಂದು ಸ್ಟೀಲಿನ ಕೊಡ. ಖಾಲಿ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಅದನ್ನು ತುಂಬಿದ ಕೊಡವೆಂದು ಎತ್ತಿ ಸೊಂಟಕ್ಕಿಟ್ಟುಕೊಂಡು ಕೋಣೆಯ ಆ ತುದಿಗೆ ಹೋಗಬೇಕು. ಹುಡುಗಿ ಎತ್ತಿದಳು, ಮುಖ ಹಿಂಡಿದಳು, "ಉಸ್ಸ್" ಎಂದಳು, ಹೋದಳು. ನನಗೆ ಚೆನ್ನಾಗಿಯೇ ಕಂಡಿತು.

"ನೀರು ಎಲ್ಲಿ ಹೋಯಿತು ತಂಗಿ?" ಎಂದರು ಅಕ್ಕ.

ಮತ್ತೆ ಎತ್ತಿಸಿದರು. ಮತ್ತೆ. ಐದನೇ ಸಲಕ್ಕೆ ಮುಖವನ್ನು ಬಿಟ್ಟುಬಿಡು ಎಂದರು. "ನಿನ್ನ ಮನೆಯಲ್ಲಿ ನೀರು ತರುವಾಗ ಮುಖ ಯಾರಿಗೆ ತೋರಿಸುತ್ತೀಯ? ಎಡಗೈ ಎಲ್ಲಿರುತ್ತದೆ ನೋಡಿಕೋ." ಹುಡುಗಿ ಒಂದು ಕ್ಷಣ ಸುಮ್ಮನೆ ನಿಂತಳು. ಈ ಸಲ ಬಗ್ಗುವ ಮೊದಲೇ ಲಂಗ ಸ್ವಲ್ಪ ಮೇಲೆ ಸಿಕ್ಕಿಸಿದಳು. ಕೊಡ ಸೊಂಟಕ್ಕೆ ಬಂದಾಗ ಎಡಗೈ ತಾನಾಗಿ ದೂರ ಸರಿಯಿತು, ಕತ್ತು ಆ ಕಡೆ ವಾಲಿತು, ಎರಡು ಹೆಜ್ಜೆ ಹೋದ ಮೇಲೆ ತೊಡೆಯ ಮೇಲಿಂದ ಚೆಲ್ಲಿದ ನೀರನ್ನು ಕೈಯಿಂದ ಒರೆಸಿಕೊಂಡಳು. ನಾನು ನೆಲ ನೋಡಿದೆ. ದೇವರಾಣೆ, ನೆಲ ಒದ್ದೆಯಾಗಿದೆಯೇ ಎಂದು ನೋಡಿದೆ.

ಇದನ್ನು ಹೇಳಿಕೊಡುವವರಿಗೆ ಪಾಪ.

ಅಲ್ಲಿ ಅಳುವುದಕ್ಕೆ ಗ್ಲಿಸರಿನ್ ಇಲ್ಲ. ಒಂದು ದಿನದಲ್ಲಿ ಏಳು ದೃಶ್ಯಕ್ಕೆ ಅತ್ತು ಕಣ್ಣು ಕೆಂಡವಾದ ದಿನವೇ ಆ ಬಾಟಲಿಗೆ ಕೈ ಮುಗಿದಿದ್ದಾರೆ. ಧಾರಾವಾಹಿಯವರಿಗೆ ನಟನೆ ಎಲ್ಲಿ ಬರುತ್ತದೆ, ಪಕ್ಕದಲ್ಲಿ ನಿಂತು ಮಾತು ಹೇಳಿಕೊಡುತ್ತಾರಲ್ಲ ಎಂದು ನಾಟಕದವರು ಮೂಗು ಮುರಿಯುತ್ತಾರೆ. ಹೌದು, ಹೇಳಿಕೊಡುತ್ತಾರೆ. ಪ್ರಾಂಪ್ಟಿಂಗ್. ಸಹಾಯಕ ನಿರ್ದೇಶಕ ಕ್ಯಾಮೆರಾದ ಹಿಂದಿನಿಂದ ಸಾಲು ಓದುತ್ತಾನೆ. ಕಿವಿ ಅಲ್ಲಿರಬೇಕು, ಕಣ್ಣು ಎದುರಿನ ಗಂಡನ ಮೇಲಿರಬೇಕು, ಕಣ್ಣಿನ ಗುಡ್ಡೆ ಕೂದಲೆಳೆಯಷ್ಟೂ ಆ ಕಡೆ ಸರಿಯಬಾರದು. ಸೊಸೆ ಒಂದು ಮಾತು ಹೇಳಿದರೆ ಕ್ಯಾಮೆರಾ ಮನೆಯವರೆಲ್ಲರ ಮುಖ ಮೂರು ಸಲ ಸುತ್ತಿ ಬರುತ್ತದೆ. ಅಷ್ಟು ಹೊತ್ತೂ ಆಗತಾನೇ ಕೇಳಿದವರ ಹಾಗೆ ಇರಬೇಕು. 11 ವರ್ಷ ಹೀಗೆ ಕೇಳಿಸಿಕೊಂಡವರು ಈಗ ಮಕ್ಕಳಿಗೆ ಮೊದಲ ಎರಡು ತಿಂಗಳು ಹೇಳಿಕೊಡುವುದು ಮಾತಾಡುವುದನ್ನಲ್ಲ, ಕೇಳಿಸಿಕೊಳ್ಳುವುದನ್ನು. ನನ್ನ ಮಗಳು ಈಗ ಮನೆಯಲ್ಲಿ ನಾನು ಹೇಳುವುದನ್ನು ಪೂರ್ತಿ ಕೇಳಿ ಆಮೇಲೆ ಎದುರು ಮಾತಾಡುತ್ತಾಳೆ. 600 ರೂಪಾಯಿ ಕಡಿಮೆಯೇ ಆಯಿತು.

ಇಷ್ಟಕ್ಕೆ ಕೆಲವರು ಬರುತ್ತಾರೆ ಎಂದು ಗೊತ್ತು. ಮೇಡಂ, ಅಲ್ಲಿ ಅವಕಾಶ ಕಡಿಮೆಯಾಗಿಯೇ ತಾನೇ ಅವರು ಬಂದದ್ದು? ಹೌದು. ಕಡಿಮೆಯಾಗಿಯೇ ಬಂದದ್ದು. ಅದರಲ್ಲೇನಿದೆ? ರಾಹುಲ್ ದ್ರಾವಿಡ್ 2012ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಬಿಟ್ಟರು, ಆಮೇಲೆ ಹುಡುಗರಿಗೆ ಆಟ ಹೇಳಿಕೊಟ್ಟರು, 2021ರಲ್ಲಿ ಭಾರತ ತಂಡದ ಮುಖ್ಯ ಕೋಚ್ ಆದರು, 2024ರಲ್ಲಿ ಟಿ20 ವಿಶ್ವಕಪ್ ಬಂತು. ಯಾರಾದರೂ, "ಒಂದು ಕಾಲದ ಬ್ಯಾಟ್ಸ್‌ಮನ್, ಪಾಪ, ಈಗ ಕಲಿಸುತ್ತಿದ್ದಾರೆ" ಎಂದರೇ? ಬಿ.ವಿ. ಕಾರಂತರು ನಾಟಕ, ಸಿನಿಮಾ ಮಾಡಿ ಹೆಸರಾದವರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ನಡೆಸಿದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿ ಹುಡುಗ ಹುಡುಗಿಯರನ್ನು ತಿದ್ದಿದರು. ಪಾಪ ಎಂದರೇ? ನ್ಯೂಯಾರ್ಕಿನಲ್ಲಿ ಉಟಾ ಹೇಗನ್ ಎಂಬ ನಟಿ 1947ರಿಂದ ಪಾಠ ಹೇಳಲು ಶುರುಮಾಡಿ, 1962ರಲ್ಲಿ ಬ್ರಾಡ್‌ವೇ ವೇದಿಕೆಯಲ್ಲಿ ತಮ್ಮ ಅತಿ ದೊಡ್ಡ ಪಾತ್ರ ಮಾಡಿದರು ಎಂದು ಅಕ್ಕನೇ ಹೇಳಿದ್ದು. ಪಾಠ ಮೊದಲು, ಪಾತ್ರ ಆಮೇಲೆ.

ಅಷ್ಟು ದೂರ ಯಾಕೆ? ನಮ್ಮ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕ ಕಲಿಸಲು ಬರುತ್ತಿದ್ದ ಮಾಸ್ತರರನ್ನು ನೆನೆಸಿಕೊಳ್ಳಿ. ಹಾರ್ಮೋನಿಯಂ ಪೆಟ್ಟಿಗೆಯ ಹಿಂದೆ ಕುಳಿತು ಒಮ್ಮೆ ಕಣ್ಣು ಬಿಟ್ಟರೆ ದುರ್ಯೋಧನನಾದ ಗೌಡರ ಮಗನೂ ಗದೆ ಕೆಳಗಿಡುತ್ತಿದ್ದ. ನಾಟಕದ ನಡುವೆ ಆಯೇರಿ, ಅಂದರೆ ಮೆಚ್ಚಿದವರ ಕಾಣಿಕೆ, ಬಂದರೆ ಮೊದಲ ಟವೆಲ್ ಮಾಸ್ತರರ ಹೆಗಲಿಗೆ. ಗಂಡಸು ಕಲಿಸಿದರೆ ಮಾಸ್ತರ, ಫ್ಲೆಕ್ಸ್‌ನಲ್ಲಿ ರಂಗಗುರು. ಹೆಂಗಸು, ಅದರಲ್ಲೂ ಟಿವಿಯ ಹೆಂಗಸು ಕಲಿಸಿದರೆ ಪಾಪ.

ನಟನಾ ತರಬೇತಿ ಎಂದರೆ ಮೋಸ, ಫೋಟೊ ತೆಗೆಸಿ ಸಾವಿರಗಟ್ಟಲೆ ಕೀಳುತ್ತಾರೆ ಎಂಬುದು ಇನ್ನೊಂದು ವಾದ. ಕೀಳುವವರು ಇದ್ದಾರೆ. ಅಕ್ಕನ ಕೋಣೆಯ ಬಾಗಿಲಿಗೆ ಅವರೇ ಸುಣ್ಣದ ಕಡ್ಡಿಯಲ್ಲಿ ಬರೆದಿದ್ದಾರೆ: ಇಲ್ಲಿ ಅವಕಾಶ ಕೊಡಿಸುವುದಿಲ್ಲ. ಮಳೆಗಾಲದಲ್ಲಿ ಅಳಿಸಿದರೆ ಮತ್ತೆ ಬರೆಯುತ್ತಾರೆ. ಮುಂದಿನದು ಕೇಳಿ: ಈಗ ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದ ಪಾತ್ರವಿದ್ದರೆ ಅಕ್ಕನಿಗೇ ಫೋನು ಬರುತ್ತದೆ, ಸಾಲುಗಳನ್ನು ಹೇಳಿ ಧ್ವನಿ ಕಳಿಸಿ ಎಂದು. ಧಾರವಾಡದ ಮಾತು ಬೇರೆ, ಉರ್ದು ಮರಾಠಿ ತೆಲುಗು ಬೆರೆತ ನಮ್ಮ ಮಾತು ಬೇರೆ ಎಂದು ಅವರು ಪ್ರತಿ ಸಲ ಹೇಳುತ್ತಾರೆ. ಆ ಕಡೆಯವರು, "ಯಾವುದಾದರೂ ಒಂದು ಕಳಿಸಿ ಮೇಡಂ" ಎನ್ನುತ್ತಾರೆ.

ಸಿಟ್ಟಿನಲ್ಲಿ ಇಷ್ಟು ಬರೆದೆ. ಈಗ ನನ್ನದು. ನಿರೂಪಕ "ಪಾಪ" ಎಂದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಬುದ್ಧಿಗೆ ತಿಳಿಯುವ ಮೊದಲೇ ಕೈ ತಟ್ಟಿತ್ತು. ಆರು ವರ್ಷದ ಹಿಂದೆ ಅಕ್ಕ ಎರಡು ಟ್ರಂಕಿನೊಂದಿಗೆ ಹಾಸನ–ಸೊಲ್ಲಾಪುರ ಗಾಡಿ ಇಳಿದ ದಿನ, "ಅಲ್ಲಿ ನಡೆಯಲಿಲ್ಲವೆಂದು ಕಾಣುತ್ತದೆ" ಎಂದು ನಮ್ಮವ್ವನಿಗೆ ಹೇಳಿದವಳೂ ನಾನೇ. ಅವರ ತರಗತಿಗೆ ಮಗಳನ್ನು ಮೊದಲ ವರ್ಷ ಕಳಿಸಲಿಲ್ಲ. ಅವಳ ಅಜ್ಜಿ ಕದ್ದು ಕಳಿಸಿದಳು. ಇನ್ನೂ ಇದೆ. ಮೂರು ಸಲ ಕೆಎಎಸ್ ಬರೆದು ಕೈ ಬಿಟ್ಟವಳು ನಾನು. ಮದುವೆ ಮನೆಯಲ್ಲಿ ಯಾರಾದರೂ ಏನು ಮಾಡುತ್ತೀಯ ಎಂದು ಕೇಳಿದರೆ ಇವತ್ತಿಗೂ, "ಸದ್ಯಕ್ಕೆ ಟೀಚರ್" ಎನ್ನುತ್ತೇನೆ. ಈ ಸದ್ಯಕ್ಕೆ 19 ವರ್ಷ ತುಂಬಿತು.

ಸಮಾರಂಭ ಮುಗಿದ ಮೇಲೆ ಆಟೊದಲ್ಲಿ ಇಬ್ಬರೂ ಬಂದೆವು. ಅಕ್ಕನ ತೊಡೆಯ ಮೇಲೆ ಹಣ್ಣಿನ ಬುಟ್ಟಿ, ಕಾಲ ಬಳಿ ಗಾಜಿನ ನೆನಪಿನ ಕಾಣಿಕೆ. ಜಗತ್ ವೃತ್ತ ದಾಟುವವರೆಗೆ ನಾನು ನಿರೂಪಕನ ವಂಶವನ್ನೆಲ್ಲ ಬೈದೆ. ಅವರು ಸೇಬಿನ ಮೇಲಿನ ಚೀಟಿ ಕೀಳುತ್ತ ಕೇಳುತ್ತಿದ್ದರು, ಪೂರ್ತಿ ಕೇಳಿದರು. ಆಮೇಲೆ, "ಆ ಹುಡುಗ 'ಪಾಪ' ಎನ್ನುವ ಮೊದಲು ಉಸಿರು ಹಿಡಿದದ್ದು ಗಮನಿಸಿದೆಯಾ?" ಎಂದರು. "ಎಷ್ಟು ಸರಿಯಾದ ಜಾಗದಲ್ಲಿ ಬಿಟ್ಟ! ನನ್ನ ಮಕ್ಕಳಿಗೆ ಒಂದು ವರ್ಷ ಹೇಳಿದರೂ ಅದು ಬರುವುದಿಲ್ಲ. ಭಾನುವಾರದ ಗುಂಪಿನಲ್ಲಿ ಜಾಗವಿದೆ. ಸಿಕ್ಕರೆ ಬರಹೇಳು."

ಅವನ ನಂಬರ್ ನನ್ನ ಹತ್ತಿರ ಇದೆ. ಇನ್ನೂ ಹೇಳಿಲ್ಲ.